ಮಸುಕಾಗದ ಮುಖಗಳು

ಮೌಸಿನ ಮೇಲೆ ನನ್ನ ಕೈಯಿಲ್ಲ, ಕೈಯಲ್ಲಿ ಟೀ ಲೋಟವಿದೆ, ಆದರೂ ಸ್ಕ್ರೀನಿನ ಮೇಲೆ ಬಾಣವೊಂದು ಓಡಾಡುತ್ತಿದೆ — ನನ್ನದು ಮೂಲೆಯಲ್ಲಿ ತೆಪ್ಪಗೆ ನಿಂತಿದೆ, ಇದು ಇನ್ನೊಂದು, ಕೆಂಪನೆಯದು, ನಮ್ಮ ಕಾರ್ಮಿಕ ಸಂಘದ ಪೋಸ್ಟರಿನೊಳಗೆ ಹೊಕ್ಕು ಒಂದೊಂದೇ ಮುಖದ ಮೇಲೆ ನಿಂತು ಮುಂದೆ ಸರಿಯುತ್ತಿದೆ, ತರಕಾರಿ ಆರಿಸುವವನ ಹಾಗೆ, ಯಾರೋ ನೀನು, ಯಾರು ಬಾಗಿಲು ತೆಗೆದರು ನಿನಗೆ — ನಾನೇ, ಇನ್ಯಾರು, ಬೆಳಿಗ್ಗೆ ಭಾವ ಕಳಿಸಿದ ಲಿಂಕು, ಒತ್ತಮ್ಮಾ, ಪೋಸ್ಟರ್ ಮಾಡೋ ಸೈಟಿನ ಪ್ರೀಮಿಯಂ ಖಾತೆ ಪುಕ್ಕಟೆ ಹುಟ್ಟಿಸಿ ಕೊಡುತ್ತೆ, ನಮ್ಮ ಆಫೀಸಲ್ಲಿ ಎಲ್ಲಾರೂ ಅದನ್ನೇ ಮಾಡೋದು, ಒತ್ತಿದೆ, ನೀವು ಮನುಷ್ಯರೇ ಎಂದು ಕೇಳಿತು, ಹೌದು ಅಂದೆ, ಹಾಗಾದರೆ ಹಳೆಯ ಖಾತೆಯ ಪಾಸ್‌ವರ್ಡ್ ಕೊಡಿ ಅಂದಿತು, ಕೊಟ್ಟೆ, ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಪ್ರೀಮಿಯಂ ಬರಲಿಲ್ಲ, ಇವನು ಬಂದ. ನನಗೆ ಬೇಕಿದ್ದದ್ದಾದರೂ ಏನು, ಮುಖ ಮಸುಕು ಮಾಡುವ ಒಂದೇ ಒಂದು ಸಲಕರಣೆ, ದುಡ್ಡು ಕಟ್ಟಿದವರಿಗಷ್ಟೇ ತೆರೆಯುವಂಥದ್ದು — ಕಾರ್ಖಾನೆಯಲ್ಲಿ ಹೊಲಿಗೆಯ ಸಾಲಿಗೊಂದೇ ಟೋಕನ್, ಅದು ಕೈಗೆ ಬಂದವಳಷ್ಟೇ ಶೌಚಾಲಯಕ್ಕೆ ಹೋಗಬೇಕು, ಉಳಿದವರು ಪೆಡಲಿನ ಮೇಲೆ ಕಾಲು ಬಿಗಿಹಿಡಿದು ಕೂತಿರಬೇಕು, ಇದನ್ನು ಬಾಯಿಬಿಟ್ಟು ಹೇಳಿದ ಹೆಂಗಸರ ಮುಖ ಕಂಡರೆ ಕೆಲಸ ಹೋಗುತ್ತದೆ, ಅದಕ್ಕೇ ಮಸುಕು, ಆ ಮಸುಕಿನ ಆಸೆಗೆ ಬಿದ್ದು ಮುಖಗಳನ್ನೇ ಕಳ್ಳನ ಕೈಗಿಟ್ಟೆನಲ್ಲ — ಅಗೋ, ಪೋಸ್ಟರಿನ ಪಕ್ಕ ಅಕ್ಷರ ಮೂಡುತ್ತಿದೆ, ದುಡ್ಡು ಕಳಿಸಿ, ಇಲ್ಲದಿದ್ದರೆ ಈ ಫೋಟೋಗಳು ನಿಮ್ಮ ಮಾಲೀಕರಿಗೆ. ಲೋಟ ಎಲ್ಲಿಟ್ಟೆನೋ, ಪಾಸ್‌ವರ್ಡ್ ಬದಲಿಸಿದೆ, ಎಲ್ಲರನ್ನೂ ಹೊರಗೆ ಹಾಕು ಎಂಬುದನ್ನು ಒತ್ತಿದೆ, ಕೆಂಪು ಬಾಣ ಆರಿತು, ಆದರೆ ನಕಲು ತೆಗೆದುಕೊಂಡಿದ್ದರೆ, ತೆಗೆದುಕೊಂಡೇ ಇರುತ್ತಾನೆ, ಊಟದ ಬಿಡುವಿಗೆ ಸಂಘದ ಕೋಣೆಗೆ ಎಲ್ಲರೂ ಬಂದರು, ಹೇಳಿದೆ, ಬೈಯಿರಿ ಅಂದೆ, ಬೈದರು, ನಿನ್ನ ಭಾವನಿಗಿಷ್ಟು ಬೆಂಕಿ ಹಾಕ, ಆಮೇಲೆ ಕಾಲರ್ ಹೊಲಿಯುವ ಅಕ್ಕ ಎದ್ದಳು, ಅವ್ನು ಮಾರೋದೇನು ಹೇಳು, ನಮ್ಮ ಭಯ ತಾನೇ, ಅದೇ ಇಲ್ದಿದ್ರೆ ಅವನ ಅಂಗಡಿ ಮುಚ್ತು, ಹಾಕೇ ನನ್ನ ಮುಖಾನ, ಅವನಿಗಿಂತ ಮೊದ್ಲು ನಾವೇ ಹಾಕೋಣ, ದೊಡ್ಡದಾಗಿ ಹಾಕು, ನಂದೂ, ನಂದೂ ಕಣೇ, ಗುಂಡಿ ಹಚ್ಚುವವಳೊಬ್ಬಳು ಮಾತ್ರ, ನಮ್ಮನೆಯವ್ರು ನೋಡಿದ್ರೆ, ಅಂದಳು, ನೋಡ್ಲಿ ಬಿಡೇ, ಮದುವೆಯಾದಾಗಿಂದ ತಿರುಗಿ ನೋಡಿಲ್ಲ ಅಂತ ನೀನೇ ಅಂತಿದ್ಯಲ್ಲ, ಕೋಣೆ ನಕ್ಕಿತು, ಅವಳೂ ನಕ್ಕಳು, ಕಣ್ಣೊರೆಸಿಕೊಂಡಳು, ನಂದೂ ಹಾಕು ಮತ್ತೆ, ಸ್ವಲ್ಪ ಬೆಳ್ಳಗೆ ಕಾಣೋ ಹಂಗೆ. ಮಸುಕೇ ಬೇಡವಾದ ಮೇಲೆ ಪ್ರೀಮಿಯಂ ಯಾಕೆ, ಇದ್ದದ್ದರಲ್ಲೇ ಮುಗಿಯಿತು, ಪ್ರೆಸ್ಸಿನಿಂದ ಬಿಸಿಬಿಸಿ ಹಾಳೆಗಳು, ಪಾಳಿ ಬದಲಾಗುವ ಹೊತ್ತು, ಕಾರ್ಖಾನೆಯ ಗೋಡೆಯುದ್ದಕ್ಕೂ ಗೋಂದು ಮೆತ್ತಿ ಅಂಟಿಸಿದ ನಮ್ಮವರು, ಮೂಗು ಬಾಯಿ ಕಣ್ಣು ಸಮೇತ, ಬಾಗಿಲಿಂದ ಹೊರಬಂದವರೆಲ್ಲ ನಿಂತು ಓದುತ್ತಿದ್ದಾರೆ, ಇಷ್ಟು ಜನರನ್ನು ಯಾವನು ಒಟ್ಟಿಗೆ ಕೆಲಸದಿಂದ ತೆಗೀತಾನೆ ಅನ್ನುತ್ತಿದ್ದಾರೆ, ಸೂಪರ್‌ವೈಸರ್ ಓಡಿ ಬಂದ, ಅಕ್ಕ ತನ್ನ ಮುಖದ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾಳೆ, ಅವನು ಅವಳನ್ನು ನೋಡಲಾರ, ಗೋಡೆಯನ್ನೂ ನೋಡಲಾರ, ಅವನ ಉಗುರು ಹಾಳೆಯ ಅಂಚನ್ನು ಕೆರೆಯುತ್ತಿದೆ, ಹಾಳೆ ಏಳುತ್ತಿಲ್ಲ, ಕೆರೆಯುತ್ತಿದೆ, ಏಳುತ್ತಿಲ್ಲ, ಆ ಉಗುರು, ಏಳುತ್ತಿಲ್ಲ