ತೊಟ್ಟಿಲಲ್ಲಿ ಮಲಗಿದ ಕತ್ತರಿ

ಕತ್ತರಿಯ ವಿಷಯ ಬಂದರೆ ಅಕ್ಕವ್ವನ ಕಣ್ಣಿಗೆ ಶಿವಬಸವ ನಗರದ ಹೆಂಗಸರೆಲ್ಲ ಕವಡೆ ಕಿಮ್ಮತ್ತಿಲ್ಲದವರು. ಒಬ್ಬಳು ಅದರಿಂದಲೇ ಹಾಲಿನ ಪಾಕೀಟು ಕೊಯ್ಯುತ್ತಾಳೆ, ಇನ್ನೊಬ್ಬಳು ಮಗಳ ಸಾಲೆಯ ಕಾಗದ ಕತ್ತರಿಸುತ್ತಾಳೆ. ಆಮೇಲೆ ಬಟ್ಟೆ ಕೊಯ್ಯುವುದಿಲ್ಲವೆಂದು ಗೋಳಾಡುತ್ತಾರೆ. ನಲವತ್ತು ವರ್ಷ ಹಳೆ ಸೀರೆಗಳಿಂದ ಕೌದಿ ಹೊಲಿದ ಅಕ್ಕವ್ವನ ಕತ್ತರಿ ಬಟ್ಟೆ ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ ಒರೆಸಬೇಕು, ತಿರುಪಿಗೆ ಒಂದು ಹನಿ ಎಣ್ಣೆ ಬಿಡಬೇಕು, ಒಣ ಅರಿವೆಯಲ್ಲಿ ಸುತ್ತಿಡಬೇಕು. ಸೊಸೆ ಪೂರ್ಣಿಮಾಗೆ ಮದುವೆಯಾದ ವಾರವೇ ಈ ಪಾಠವಾಗಿತ್ತು.

ಆ ಪೂರ್ಣಿಮಾ ಕೌದಿಯ ತುಂಡು ಕತ್ತರಿಸಲು ದುಂಡು ಬ್ಲೇಡಿನ ಕಟರ್ ತರಿಸಿಕೊಂಡಾಗ ಅಕ್ಕವ್ವ ಮೂಗು ಮುರಿದಿದ್ದಳು. "ಇದರಾಗ ಕೌದಿ ಅಲ್ಲ, ಶಂಕರಪಾಳಿ ಹಿಟ್ಟ ಕೊರೀಬೇಕ!"

ಇವತ್ತು ಖಾನಾಪುರದ ಕೃಷ್ಣಾಬಾಯಿಯ ಮನೆಗೆ ಹೋಗಬೇಕಿತ್ತು. ತಾಯಿಯ ಕೊನೆಯ ಇಳಕಲ್ ಸೀರೆಯನ್ನು ಆಕೆ ಹೊಸಿಲು ದಾಟಿಸಲು ಒಲ್ಲಳು, ಕೌದಿಗೆ ಕಣ್ಣೆದುರೇ ಕತ್ತರಿಸಬೇಕಂತೆ. ಬೆಳಿಗ್ಗೆ ಅಕ್ಕವ್ವ ಮೊಮ್ಮಗನ ತೊಟ್ಟಿಲಿನ ಹಾಸಿಗೆಯಡಿಯಿಂದ ಕತ್ತರಿಯ ಗಂಟು ಎಳೆದು ಚೀಲಕ್ಕೆ ತುರುಕಿದಳು. ಕೂಸಿಗೆ ದೃಷ್ಟಿ ತಾಗದಿರಲಿ, ಕಬ್ಬಿಣ ಇರಲಿ ಎಂದು ಹದಿನೈದು ದಿನದ ಹಿಂದೆ ಅಲ್ಲಿಟ್ಟವಳೂ ಅವಳೇ.

"ಒಮ್ಮೆ ಬಿಚ್ಚಿ ನೋಡ್ರಿ ಅತ್ತಿ. ಇಲ್ಲಾಂದ್ರ ನನ್ನ ಕಟರ್ ಒಯ್ಯಿರಿ," ಎಂದಳು ಪೂರ್ಣಿಮಾ.

"ನನಗ ಹೇಳಾಕ ಬರ್ತಿಯೇನ? ಹತ್ಯಾರ ಇಟ್ಟಕೊಳ್ಳಾಕ ಬರದವರು ಬಟ್ಟಿ ಮುಟ್ಟಬಾರದು."

ದೇಸೂರ ದಾಟುವವರೆಗೂ ಬಸ್ಸಿನಲ್ಲಿ ಬಾಜೂ ಕುಳಿತವಳಿಗೆ ಸೊಸೆಯ ಶಂಕರಪಾಳಿ ಗಾಲಿಯದೇ ಕತೆ.

ಕೃಷ್ಣಾಬಾಯಿ ಸೀರೆ ಹಾಸಿದಳು. "ನಮ್ಮ ಆಯಿಂದು ಇದೊಂದ ಉಳದೈತಿ. ಹೋದ ಸಲ ಒಬ್ಬಾಕಿ ಇನ್ನೊಂದನ್ನ ಹರದ ಹಾಳ ಮಾಡಿದ್ಲು."

"ಅಂಥಾ ದಡ್ಡರ ಕಡೆ ಯಾಕ ಹೋದ್ರಿ ಬಾಯಿ?" ಎಂದು ಅಕ್ಕವ್ವ ನಕ್ಕಳು.

ರೂಢಿಯಂತೆ ಮೊದಲು ಒಂದು ಚಿಂದಿಯ ಮೇಲೆ ಕತ್ತರಿ ಆಡಿಸಿದಳು. ಅಲಗು ಕಿರ್ರೆಂದಿತು. ಚಿಂದಿಯನ್ನು ಕತ್ತರಿಸಲಿಲ್ಲ, ಅಗಿಯಿತು. ತಿರುಪಿನ ಸುತ್ತ ಕೆಂಪು ತುಕ್ಕು. ಪೂರ್ಣಿಮಾಳೇ ಕಾಗದ ಕತ್ತರಿಸಿರಬೇಕೆಂದು ಸಿಟ್ಟು ನೆತ್ತಿಗೇರಿತು. ಕಣ್ಣಿನ ಹತ್ತಿರ ಹಿಡಿದು ನೋಡಹೋದಾಗ ವಾಸನೆ ಮೂಗಿಗೆ ಬಡಿಯಿತು. ಮೊಮ್ಮಗನ ಉಚ್ಚೆ! ಹದಿನೈದು ದಿನ ಕುಡಿದು ಮಲಗಿತ್ತು ಕತ್ತರಿ.

ಒಂದು ಗಳಿಗೆ, ಹಾಗೇ ಸೀರೆಗೆ ಹಚ್ಚಿಬಿಡುವ ಮನಸ್ಸಾಯಿತು. ಕೃಷ್ಣಾಬಾಯಿ ಸೀರೆಯ ಅಂಚನ್ನು ಮೆಲ್ಲಗೆ ಸವರುತ್ತಿದ್ದಳು. ಅಕ್ಕವ್ವ ಕೈ ಹಿಂದೆಳೆದಳು.

"ಜಂಗ ಹಿಡದೈತ್ರಿ ಬಾಯಿ. ಇವತ್ತ ಆಗೂದಿಲ್ಲ."

"ಹತ್ಯಾರ ಇಟ್ಟಕೊಳ್ಳಾಕ ಬರದವರು ಬಟ್ಟಿ ಯಾಕ ಮುಟ್ಟಬೇಕ?" ಕೃಷ್ಣಾಬಾಯಿ ಸೀರೆ ಮಡಚತೊಡಗಿದಳು.

ಬೆಳಿಗ್ಗೆ ತಾನಾಡಿದ್ದ ಮಾತೇ. ಅಕ್ಕವ್ವ ಅಂದಳು, "ನಾಳೆ ನನ್ನ ಸೊಸೀನ್ನ ಕರಕೊಂಡ ಬರ್ತೀನ್ರಿ. ಆಕಿ ಹತ್ಯಾರ ಚೊಲೊ ಇಟ್ಟಾಳ."

ಕೃಷ್ಣಾಬಾಯಿಯ ಕೈ ನಿಂತಿತು. "ಖರೇ? ಯಾರ ಕಲಿಸ್ಯಾರ ಆಕಿಗೆ?"

'ನಾನ' ಎಂಬ ಮಾತು ಅಕ್ಕವ್ವನ ತುದಿನಾಲಿಗೆಗೆ ಬಂತು. ಕೈಯಲ್ಲಿದ್ದ ಕತ್ತರಿ ಇನ್ನೂ ನಾರುತ್ತಿತ್ತು. ಅವಳು ಅದನ್ನು ಅರಿವೆಯಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದಳು.