ಆಚೆ ಹೋದ ಚೆಂಡು

"ಮೊದಲು ಆ ಚೆಂಡುಗಳನ್ನ ಆಚೆ ಹಾಕಮ್ಮ, ಕಾಲಿಡೋಕೂ ಜಾಗ ಇಲ್ಲ," ಎಂದ ಅಪ್ಪನ ಗೆಳೆಯ, ಸೈಕಲ್ ಅಂಗಡಿಯವನು.

ಮಗಳು ಮಂಚದ ಕೆಳಗೆ ಬಗ್ಗಿ ಒಂದೊಂದೇ ಚೆಂಡನ್ನು ಅಂಗಳಕ್ಕೆ ಉರುಳಿಸಿದಳು. ಮಂಚದ ಮೇಲೆ ಅಪ್ಪನ ಶವವಿತ್ತು. ಬಸ್ ಡಿಪೋದಲ್ಲಿ ಟೈರ್ ಬದಲಿಸಿ ಬದಲಿಸಿ ಕಪ್ಪಾಗಿದ್ದ ಉಗುರುಗಳು ಈಗಲೂ ಹಾಗೇ ಇದ್ದವು. ಅವಳಿಗೆ ಅಳು ಬಂದಿರಲಿಲ್ಲ. ಬರಲೆಂದು ಬೆಳಗಿನಿಂದ ಅವಳೂ ಕಾಯುತ್ತಿದ್ದಳು, ನೆಂಟರೂ ಕಾಯುತ್ತಿದ್ದರು.

ಸೈಕಲ್ ಅಂಗಡಿಯವನ ಕೈ ಸುಮ್ಮನಿರಲಿಲ್ಲ. "ಪಾಪ, ಎಲ್ಲದರಲ್ಲೂ ಗಾಳಿ ಇಳಿದುಹೋಗಿದೆ," ಎಂದು ಪಂಪ್ ತಂದು ಒಂದೊಂದು ಚೆಂಡನ್ನೂ ಕಲ್ಲಿನಂತೆ ಬಿಗಿ ಮಾಡಿಟ್ಟ. ಸತ್ತ ಗೆಳೆಯನಿಗೆ ಇನ್ನೇನು ಮಾಡುವುದೆಂದು ಅವನಿಗಾದರೂ ಹೇಗೆ ತಿಳಿಯಬೇಕು?

ಅಮ್ಮ ಬಾಗಿಲಿಗೆ ಬಂದು ನೋಡಿದಳು. "ಅಯ್ಯೋ, ಏನ್ ಮಾಡಿದ್ರಿ! ಓಣಿ ಮಕ್ಕಳ ಪುಟ್ಟ ಕಾಲಿಗೆ ಪೆಟ್ಟಾಗಬಾರ್ದು ಅಂತ ಅವ್ರೇ ಅರ್ಧ ಗಾಳಿ ಬಿಟ್ಟಿರ್ತಿದ್ರು."

ಅವನು ಪಂಪ್ ಹಿಡಿದುಕೊಂಡೇ ಬಿಕ್ಕಿ ಬಿಕ್ಕಿ ಅತ್ತ.

*

ಆಗ ಮಗಳಿಗೆ ಹತ್ತು ವರ್ಷ. ಶಾಲೆಗಳ ನಡುವಿನ ಫುಟ್‌ಬಾಲ್ ಪಂದ್ಯದಲ್ಲಿ ಕೊನೆಯ ಒದೆತ ಅವಳದು. ಚೆಂಡು ಗೋಲಿನ ಕಂಬದಿಂದ ಗೇಣಷ್ಟು ಆಚೆ ಹೋಯಿತು. ಮನೆಗೆ ಬರುತ್ತಲೇ ಅಪ್ಪ ಗೇಟಿನ ಹತ್ತಿರ ಒಂದೇ ಮಾತು ಹೇಳಿದ: "ಮಾನ ಕಳೆದೆ."

ಅಂದೇ ಬೂಟು ಅಟ್ಟ ಸೇರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅಪ್ಪನೂ ಆ ಮಾತನ್ನು ಮತ್ತೆ ಎತ್ತಲಿಲ್ಲ, ಅವಳೂ ಚೆಂಡು ಮುಟ್ಟಲಿಲ್ಲ. ಕೆಲಸದಿಂದ ನಿವೃತ್ತನಾದ ಮೇಲೆ ಅವನು ಓಣಿಯ ಚಿಳ್ಳೆಪಿಳ್ಳೆಗಳಿಗೆ ಫುಟ್‌ಬಾಲ್ ಆಡಿಸುತ್ತಿದ್ದಾನೆಂದು ಅಮ್ಮ ಫೋನಿನಲ್ಲಿ ಹೇಳಿದಾಗ, "ಈಗ ಯಾರ ಮಾನ ಉಳಿಸೋಕಂತೆ?" ಎಂದಿದ್ದಳು ಮಗಳು.

"ಒಂದ್ಸಲ ಬಂದು ನೋಡೇ," ಎಂದಿದ್ದಳು ಅಮ್ಮ. ಅವಳು ಹೋಗಲಿಲ್ಲ.

*

ಶವವನ್ನು ವ್ಯಾನಿಗೇರಿಸುವ ಹೊತ್ತಿಗೆ ಓಣಿಯ ಮಕ್ಕಳೆಲ್ಲ ಗೇಟಿನ ಬಳಿ ಗುಂಪಾಗಿ ನಿಂತಿದ್ದವು. ಮುಂದಿನ ಹಲ್ಲು ಬಿದ್ದಿದ್ದ ಒಬ್ಬಳು ಪುಟ್ಟಿ ಕೇಳಿದಳು: "ಆಂಟಿ, ಚೆಂಡುತಾತನ ಚೆಂಡು ಕೊಡ್ತೀರಾ?"

ಮಗಳು ಕಾಲ ಬಳಿಯಿದ್ದ ಒಂದನ್ನು ಕಾಲಿನಿಂದಲೇ ಮೆಲ್ಲಗೆ ಅವಳ ಕಡೆ ತಳ್ಳಿದಳು. ಮೆಲ್ಲಗೇ ತಳ್ಳಿದ್ದು. ಆದರೆ ಬಿಗಿದ ಚೆಂಡು ಅಂಗಳದ ಕಲ್ಲಿಗೆ ತಾಗಿ ಪುಟಿದು, ಪುಟ್ಟಿಯನ್ನು ದಾಟಿ, ನೇರ ವ್ಯಾನಿನ ಚಕ್ರಕ್ಕೆ ಬಡಿಯಿತು.

ಎಲ್ಲರೂ ತಿರುಗಿ ನೋಡಿದರು. ಅವಳು ಮತ್ತೆ ಹತ್ತು ವರ್ಷದವಳಾಗಿ, ಆ ಮಾತಿಗಾಗಿ ಕಾಯುತ್ತ ನಿಂತಳು.

ಮಕ್ಕಳು ಚಪ್ಪಾಳೆ ಹೊಡೆದವು.

"ಶ್! ಸಾವಿನ ಮನೇಲಿ ಚಪ್ಪಾಳೆನಾ?" ಎಂದು ಯಾರೋ ಗದರಿದರು.

"ಚೆಂಡು ಆಚೆ ಹೋದ್ರೆ ಚಪ್ಪಾಳೆ ಹೊಡೀಲೇಬೇಕು," ಎಂದಳು ಪುಟ್ಟಿ. "ಒದ್ದವರು ಹೋಗಿ ಚೆಂಡು ತರೋವರೆಗೂ ನಿಲ್ಲಿಸೋ ಹಾಗಿಲ್ಲ. ಇಲ್ದಿದ್ರೆ ಅವರಿಗೆ ಬೇಜಾರಾಗುತ್ತೆ ಅಂತ ತಾತ ಹೇಳಿದಾರೆ."

"ಮತ್ತೆ... ಗೋಲಾದ್ರೆ?" ಮಗಳು ಕೇಳಿದಳು.

"ಗೋಲು ನಾವು ಎಣಿಸಲ್ಲ."

ಅವಳು ವ್ಯಾನಿನ ಬಳಿ ಹೋಗಿ ಚೆಂಡಿಗಾಗಿ ಮಂಡಿಯೂರಿದಳು. ಚೆಂಡು ಕೈಗೆ ಸಿಕ್ಕಿತು. ಏಳಲಾಗಲಿಲ್ಲ, ಹಣೆಯನ್ನು ಚಕ್ರಕ್ಕೆ ಒತ್ತಿಕೊಂಡು "ಅಪ್ಪಾ" ಎಂದು ಅಳತೊಡಗಿದಳು. ಅಮ್ಮ ಕರೆದಳು, ಡ್ರೈವರ್ ಕೆಳಗಿಳಿದು ಕಾದು ನಿಂತ.

ಚೆಂಡು ಇನ್ನೂ ವಾಪಸ್ ಬಂದಿರಲಿಲ್ಲ. ಮಕ್ಕಳು ಚಪ್ಪಾಳೆ ಹೊಡೆಯುತ್ತಲೇ ಇದ್ದವು.