ಗಿಡ್ಡ ಸ್ಕ್ರೂ

ಅಪ್ಪನ ಹೆಸರು ಕೆಡಿಸಿದ ಮನುಷ್ಯನೇ ಫೋನ್ ಮಾಡಿ ನನ್ನನ್ನು ಕೆಲಸಕ್ಕೆ ಕರೆದಾಗ ನನ್ನ ತಲೆಯೊಳಗೆ ಹಿನ್ನೆಲೆ ಸಂಗೀತ ಶುರುವಾಯಿತು. ಡ್ರಮ್ಮು, ಪಿಟೀಲು, ಎಲ್ಲ ಒಟ್ಟಿಗೆ. ಆ ಮನುಷ್ಯ ಬೇರೆ ಯಾರೂ ಅಲ್ಲ, ಅಪ್ಪನ ಒಡಹುಟ್ಟಿದ ತಮ್ಮ, ನನ್ನ ಚಿಕ್ಕಪ್ಪ.

ಕೆಲಸ ಹೊಲಿಗೆ ಶಾಲೆಯದು. ಮಹಡಿಯ ಉದ್ದನೆಯ ಹಾಲಿನಲ್ಲಿ ಹನ್ನೆರಡು ಹಳೇ ಕಿಟಕಿಗಳಿವೆ, ಒಂದೊಂದಕ್ಕೂ ಎರಡೆರಡು ಮರದ ರೆಕ್ಕೆ. ಬಣ್ಣ ಕೆರೆದು ಚೌಕಟ್ಟಿಗೆ ಹೊಸದಾಗಿ ಪಾಲಿಶ್ ಕೊಡಬೇಕು. ಅದಕ್ಕೂ ಮೊದಲು ಕೀಲು, ಚಿಲಕ, ಹಿಡಿ, ಕೊಕ್ಕೆ, ಎಲ್ಲ ಕಬ್ಬಿಣವನ್ನೂ ಬಿಚ್ಚಿ ಇಳಿಸಬೇಕು. ನಾನು ಪಾಲಿಶ್ ಕೆಲಸದವಳು. ಬಣ್ಣ ತುಂಬಿಕೊಂಡ ಸ್ಕ್ರೂ ತಲೆಯನ್ನು ಮೊಳೆಯಿಂದ ಕೆದಕಿ ಕೆದಕಿ ಬಿಡಿಸುವ ತಾಳ್ಮೆ ನಮ್ಮ ಬೀದಿಯಲ್ಲಿ ನನಗೊಬ್ಬಳಿಗೇ ಇರುವುದು. ಬಾಯಿಗೆ ಮಾತ್ರ ಆ ತಾಳ್ಮೆ ಇಲ್ಲ. ಅದಕ್ಕೇ ಎಲ್ಲರೂ ನನ್ನನ್ನು ಡೈಲಾಗ್ ಎಂದು ಕರೆಯುತ್ತಾರೆ.

ಫೋನಿನಲ್ಲಿ ಚಿಕ್ಕಪ್ಪ ನಗುತ್ತಲೇ ಹೇಳಿದ. "ನಿಮ್ಮಪ್ಪ ಹಾಳ್ಮಾಡಿದ ಕಿಟಕಿಗಳು ಕಣೇ ಡೈಲಾಗ್. ನೀನೇ ಬಂದು ಬಿಚ್ಚು. ಮನೆಯವರ ಪಾಪ ಮನೆಯವರೇ ತೊಳೀಲಿ."

ಬರುತ್ತೇನೆ ಎಂದೆ. ಸಿನಿಮಾದಲ್ಲಾದರೆ ಇಲ್ಲಿ ನಾಯಕಿಯ ಕಣ್ಣು ಕ್ಲೋಸಪ್ಪಿನಲ್ಲಿ ಬರುತ್ತದೆ.

ನಾಲ್ಕು ವರ್ಷದ ಹಿಂದೆ ಆ ಹನ್ನೆರಡು ಕಿಟಕಿಗಳನ್ನೂ ರಿಪೇರಿ ಮಾಡಿ ಕೂರಿಸಿದ್ದು ನಮ್ಮಪ್ಪ. ಆಗ ಅಣ್ಣತಮ್ಮ ಇಬ್ಬರದೂ ಒಂದೇ ಮರಗೆಲಸದ ಅಂಗಡಿ. ಆರು ತಿಂಗಳು ಕಳೆಯುವಷ್ಟರಲ್ಲಿ ಒಂಬತ್ತನೇ ಕಿಟಕಿಯ ರೆಕ್ಕೆ ಕಳಚಿ ಹೊಲಿಗೆ ಟೀಚರ ಎಡಭುಜದ ಮೇಲೆ ಬಿತ್ತು. ಬಿದ್ದ ಕೀಲಿನಲ್ಲಿ ನೇತಾಡುತ್ತಿದ್ದದ್ದು ಗಿಡ್ಡ ಸ್ಕ್ರೂ, ಬೆರಳಿನ ಉಗುರಿನಷ್ಟುದ್ದ. ಅಷ್ಟು ತೂಕದ ರೆಕ್ಕೆಗೆ ಅದು ಯಾವ ಮೂಲೆಗೂ ಸಾಲದು. ಚಿಕ್ಕಪ್ಪ ಎಲ್ಲರೆದುರು ತಲೆ ಬಾಚಿಕೊಳ್ಳುತ್ತಾ, ಅಣ್ಣ ಅವಸರದಲ್ಲಿ ಗಿಡ್ಡ ಸ್ಕ್ರೂ ಹೊಡೆದುಬಿಟ್ಟಿದ್ದಾನೆ, ಈ ಕಿಟಕಿಗಳನ್ನು ನಾನು ಮುಟ್ಟಿಯೇ ಇಲ್ಲ ಎಂದ. ನನಗೆ ಹೊಟ್ಟೆ ಉರಿದದ್ದು ಇದಕ್ಕೆ: ಅಪ್ಪನೂ ಅದನ್ನು ನಂಬಿಬಿಟ್ಟ. ನನ್ನ ಕೈ ನನಗೇ ಗೊತ್ತಾಗದೆ ಹಾಗೆ ಮಾಡಿರಬೇಕು ಎಂದುಕೊಂಡು ಉಪಕರಣಗಳ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ. ಈಗ ಸೈಕಲ್ ಸ್ಟ್ಯಾಂಡಿನಲ್ಲಿ ಕೂತು ಟೋಕನ್ ಕೊಡುತ್ತಾನೆ. ನಮ್ಮನೆಯ ಕುರ್ಚಿಯ ಕಾಲು ಕುಂಟುತ್ತದೆ. ಬಡಗಿಯಾಗಿದ್ದ ಅಪ್ಪ ಅದನ್ನು ರಿಪೇರಿ ಮಾಡದೆ ಕೆಳಗೆ ಪೇಪರ್ ಮಡಚಿ ಇಡುತ್ತಾನೆ.

ನನ್ನ ಸೇಡಿನ ಪ್ಲಾನು ಬಹಳ ಸರಳ. ಹಳೇ ಕಿಟಕಿಯ ಕಬ್ಬಿಣ ಬಿಚ್ಚುವಾಗ ಒಂದೇ ಒಂದು ನಿಯಮ: ಯಾವ ಕಿಟಕಿಯದು ಯಾವುದು ಎಂದು ಮರೆಯಬಾರದು. ಕಿಟಕಿಗೊಂದು ಡಬ್ಬಿ, ಡಬ್ಬಿಗೊಂದು ನಂಬರು. ರಟ್ಟಿನ ಮೇಲೆ ಕೀಲಿನ ಚಿತ್ರ ಬರೆದು, ಯಾವ ತೂತಿನ ಸ್ಕ್ರೂ ಆದರೆ ಆ ತೂತಿನಲ್ಲೇ ಚುಚ್ಚಿಡಬೇಕು. ಕೀಲು ತನ್ನ ರೆಕ್ಕೆಯ ಭಾರಕ್ಕೆ ತಕ್ಕಂತೆ ಸವೆದಿರುತ್ತದೆ, ಚಿಲಕ ತನ್ನ ಕೊಂಡಿಗೆ ತಕ್ಕಂತೆ ಬಾಗಿರುತ್ತದೆ. ಪಕ್ಕದ ಕಿಟಕಿಗೆ ಹಾಕಿದರೆ ಹೊಂದುವುದಿಲ್ಲ. ಒಂದು ಕಡೆ ಎತ್ತುತ್ತದೆ, ಇನ್ನೊಂದು ಕಡೆ ಉಜ್ಜುತ್ತದೆ. ಹನ್ನೆರಡನ್ನೂ ಕಲಸಿಟ್ಟರೆ ಕೆಲಸ ಒಪ್ಪಿಸುವ ದಿನ ಒಂದು ಕಿಟಕಿಯೂ ಮುಚ್ಚುವುದಿಲ್ಲ. ಚಿಕ್ಕಪ್ಪ ಎಲ್ಲರೆದುರು ಕಿಟಕಿಯಿಂದ ಕಿಟಕಿಗೆ ಓಡಬೇಕು. ಆಗ ನಾನು ಬಾಗಿಲಿಗೆ ಒರಗಿ ನಿಂತು ಹೇಳಬೇಕಾದ ಮಾತು ಕೂಡ ರೆಡಿ ಇತ್ತು: "ಬಿಚ್ಚೋಕೆ ಕರೆದಿದ್ದು ನೀವು, ಚಿಕ್ಕಪ್ಪ. ಬಿಚ್ಚಿಟ್ಟಿದೀನಿ."

ರೆಕ್ಕೆ ಬಿದ್ದ ವಾರದಲ್ಲೇ ಶಾಲೆಯವರು ಎಲ್ಲ ಕಿಟಕಿಗಳಿಗೂ ಮೊಳೆ ಹೊಡೆದು, ಕೀಲು ಚಿಲಕ ಏನನ್ನೂ ನೋಡದೆ ಮೇಲಿಂದ ಬೂದು ಬಣ್ಣ ಬಳಿಸಿದ್ದರು. ಅಂದಿನಿಂದ ಯಾರೂ ಅವಕ್ಕೆ ಕೈ ಹಚ್ಚಿರಲಿಲ್ಲ. ಮೊದಲ ದಿನ ಮೊಳೆ ಕಿತ್ತು, ಬ್ಲೇಡಿನಿಂದ ಕೀಲಿನ ಸುತ್ತ ಬಣ್ಣ ಕೊಯ್ದು, ಸ್ಕ್ರೂ ತಲೆಯ ಸೀಳನ್ನು ಕೆದಕಿ, ಸ್ಕ್ರೂಡ್ರೈವರಿನ ಹಿಂದೆ ಒಂದೇಟು ಕೊಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ಆಮೇಲೆ ಸಡಿಲಿಸುತ್ತಾ ಹೋದೆ. ರೆಕ್ಕೆಯ ಕೆಳಗೆ ಮರದ ತುಂಡು ಕೊಟ್ಟು, ಕೆಳಗಿನ ಕೀಲು ಮೊದಲು, ಮೇಲಿನದು ಕೊನೆಗೆ. ಸಂಜೆಯೊಳಗೆ ಆರು ಕಿಟಕಿ ಮುಗಿದವು.

ಒಂದು ಮಾತು ಹೇಳಬೇಕು. ಆ ಆರು ಕಿಟಕಿಗಳಲ್ಲಿ ಒಂದೊಂದು ಸ್ಕ್ರೂ ತಲೆಯ ಸೀಳೂ ನೆಟ್ಟಗೆ, ಮೇಲಿಂದ ಕೆಳಕ್ಕೆ ನಿಂತಿತ್ತು. ಅದು ಅಪ್ಪನ ಹಟ. ಸೀಳು ಅಡ್ಡ ನಿಂತರೆ ನೀರು ಕೂರುತ್ತದೆ, ನೆಟ್ಟಗಿದ್ದರೆ ಇಳಿದುಹೋಗುತ್ತದೆ ಎನ್ನುತ್ತಿದ್ದ. ಎಲ್ಲವೂ ಉದ್ದನೆಯ ಸ್ಕ್ರೂಗಳು. ಅದನ್ನು ನೋಡಿದಾಗಲೇ ನನಗೆ ತಲೆ ಓಡಬೇಕಿತ್ತು. ಆದರೆ ನನ್ನ ತಲೆಯಲ್ಲಿ ಡ್ರಮ್ಮು ಬಾರಿಸುತ್ತಿತ್ತು. ಬಣ್ಣ ಬಿಡಲೆಂದು ಕಬ್ಬಿಣವನ್ನು ಸೋಪು ಹಾಕಿದ ಬಿಸಿನೀರಿನಲ್ಲಿ ನೆನೆಸಬೇಕು, ಡಬ್ಬಿ ಡಬ್ಬಿಯದು ಬೇರೆ ಬೇರೆ. ನಾನು ಆರು ಡಬ್ಬಿಯನ್ನೂ ಒಂದೇ ಬಕೆಟ್ಟಿಗೆ ಸುರಿದು ಕೋಲಿನಿಂದ ಚೆನ್ನಾಗಿ ತಿರುವಿದೆ. ಆಹಾ, ಆ ಸದ್ದು.

ಮಾರನೇ ದಿನ ಬೆಳಗ್ಗೆ ಏಳನೇ ಕಿಟಕಿ. ಬಣ್ಣ ಕೆದಕಿದೆ. ಸೀಳು ಓರೆಯಾಗಿತ್ತು. ಪಕ್ಕದ್ದು ಅಡ್ಡ. ಅದರ ಕೆಳಗಿನದು ಇನ್ನೊಂದು ದಿಕ್ಕಿಗೆ. ಒಂದು ಸುತ್ತು ತಿರುಗಿಸುವಷ್ಟರಲ್ಲಿ ಸ್ಕ್ರೂ ಉದುರಿ ಕೈಗೆ ಬಂತು: ಗಿಡ್ಡದು. ಅದರ ಹಿಂದೆಯೇ ತೂತಿನಿಂದ ಏನೋ ಹಸಿರಾಗಿ ಇಣುಕಿತು. ಮೊಳೆಯಿಂದ ಎಳೆದೆ. ಬಾಚಣಿಗೆಯ ಹಲ್ಲು.

ತೂತು ಸಡಿಲವಾದರೆ ಬಡಗಿಗಳು ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿ ಮಾಡುತ್ತಾರೆ. ಅಪ್ಪ ಮರದ ಚಕ್ಕೆ ಕೆತ್ತಿ ಅಂಟು ಹಾಕಿ ಕೂರಿಸುತ್ತಾನೆ. ಜಗತ್ತಿನಲ್ಲಿ ಬಾಚಣಿಗೆಯ ಹಲ್ಲು ಮುರಿದು ತುರುಕುವ ಬಡಗಿ ಒಬ್ಬನೇ ಒಬ್ಬ. ಅವನು ಬೀಡಿ ಸಿಗರೇಟು ಸೇದುವುದಿಲ್ಲ, ಹಾಗಾಗಿ ಜೇಬಿನಲ್ಲಿ ಬೆಂಕಿಪೊಟ್ಟಣ ಇರುವುದಿಲ್ಲ. ಇರುವುದು ಗಿಳಿಹಸಿರು ಬಾಚಣಿಗೆ, ಹಿಂಜೇಬಿನಲ್ಲಿ, ಹತ್ತು ನಿಮಿಷಕ್ಕೊಮ್ಮೆ ತಲೆಯ ಮೇಲಿನ ಕೂದಲ ಗೋಪುರ ಸರಿಮಾಡಲು. ನನಗೆ ನೆನಪಿರುವಾಗಿನಿಂದ ಅವನ ಬಾಚಣಿಗೆಗೆ ಪೂರ್ತಿ ಹಲ್ಲು ಇದ್ದದ್ದಿಲ್ಲ.

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮುಚ್ಚುವಾಗ ಸಿಕ್ಕಿಕೊಳ್ಳುತ್ತಿದ್ದ, ಏಳನೇ ಕಿಟಕಿಯಿಂದಾಚೆ ಈ ಗೋಡೆಯ ರೆಕ್ಕೆಗಳನ್ನು ಶಾಲೆಗೆ ರಜೆಯಿದ್ದ ಯಾವತ್ತೋ ಬಂದು ಬಿಚ್ಚಿ, ಹತ್ರಿ ಹೊಡೆದು ಅಂಚು ಸವೆಸಿ, ಮತ್ತೆ ಕೂರಿಸಿದವನು ಚಿಕ್ಕಪ್ಪನೇ. ಉದ್ದ ಸ್ಕ್ರೂ ಸಿಗಲಿಲ್ಲವೋ ಹುಡುಕಲು ಸೋಮಾರಿತನವೋ, ಜೇಬಿನಲ್ಲಿದ್ದದ್ದನ್ನು ಹೊಡೆದು ಹೋಗಿದ್ದಾನೆ. ಗಿಡ್ಡ ಸ್ಕ್ರೂ ಸಿಕ್ಕರೂ ಅಣ್ಣನ ತಲೆಗೇ ಕಟ್ಟಬಹುದು ಎಂಬ ಧೈರ್ಯದಿಂದ ನನ್ನನ್ನು ಕರೆದಿದ್ದಾನೆ. ಮುರಿದ ಹಲ್ಲು ಅವನಿಗೆ ನೆನಪಿರಲಿಲ್ಲ.

ಓಡಿಹೋಗಿ ಟೀಚರಿಗೆ ತೋರಿಸಬೇಕೆಂದು ಎದ್ದೆ, ಬಾಗಿಲವರೆಗೂ ಹೋದೆ, ನಿಂತೆ. ತೋರಿಸುತ್ತಿರುವುದು ಯಾರು? ಅದೇ ಚಿಕ್ಕಪ್ಪನ ಬಾಚಣಿಗೆಗೆ ಅವನ ಮದುವೆ ದಿನ ಗೋಂದು ಹಚ್ಚಿದವಳು. ಅವನ ಪೆಟ್ಟಿಗೆಗೆ ರಬ್ಬರ್ ಹಲ್ಲಿ ಬಿಟ್ಟವಳು. ಇಡೀ ಬೀದಿಗೆ ಗೊತ್ತು. ಈ ಹಲ್ಲನ್ನೂ ಅವಳೇ ತುರುಕಿದ್ದಾಳೆ ಎನ್ನುತ್ತಾನೆ, ಎಲ್ಲರೂ ತಲೆಯಾಡಿಸುತ್ತಾರೆ. ಸಾಲದ್ದಕ್ಕೆ ಮೂಲೆಯಲ್ಲಿ ಆರು ಕಿಟಕಿಯ ಕಬ್ಬಿಣ ಒಂದೇ ಬಕೆಟ್ಟಿನಲ್ಲಿ ಬಿದ್ದಿತ್ತು, ನನ್ನ ಕೈಚಳಕಕ್ಕೆ ಸಾಕ್ಷಿಯಾಗಿ. ನಾಯಕಿ ತನ್ನ ಬಲೆಯಲ್ಲಿ ತಾನೇ ಸಿಕ್ಕಿಬಿದ್ದಿದ್ದಳು. ಇಂಟರ್‌ವೆಲ್.

ಎಂಟನೇ ಕಿಟಕಿಯನ್ನು ಮುಟ್ಟಲಿಲ್ಲ. ಹೊಟ್ಟೆನೋವು ಎಂದು ಸುಳ್ಳು ಹೇಳಿ, ಬಕೆಟ್ಟನ್ನು ಎತ್ತಿಕೊಂಡು ಮನೆಗೆ ಬಂದೆ.

ಸಂಜೆ ಅಪ್ಪ ಸ್ಟ್ಯಾಂಡಿನಿಂದ ಬಂದಾಗ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಎಲ್ಲವನ್ನೂ ಹರಡಿದ್ದೆ. ಮಾಡಿದ್ದನ್ನು ಮೊದಲಿನಿಂದ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಒಂದು ಕೀಲನ್ನು ಎತ್ತಿ, ಮಡಚಿ, ಬಿಡಿಸಿ, ಕಿವಿಯ ಹತ್ತಿರ ಹಿಡಿದ.

"ಕಲಸಿದ್ದು ಯಾಕೆ?"

"ಸೇಡು ಅಪ್ಪ."

"ಕಿಟಕಿ ಏನ್ ಮಾಡಿತ್ತೇ ನಿಂಗೆ?"

ಹಸಿರು ಹಲ್ಲನ್ನು ಅವನೆದುರು ಇಟ್ಟೆ, ಪಕ್ಕದಲ್ಲಿ ಗಿಡ್ಡ ಸ್ಕ್ರೂ. ಏಳನೇ ಕಿಟಕಿ ಎಂದೆ. ಬಣ್ಣದ ಕೆಳಗೆ ಎಂದೆ.

ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ಮುಟ್ಟಲಿಲ್ಲ. ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟು ಅದನ್ನೂ ನೋಡಿದ, ನಾಲ್ಕು ವರ್ಷ ಊರು ಬಿಟ್ಟಿದ್ದವರು ಮನೆಗೆ ಬಂದರೆ ಅವರನ್ನು ನೋಡುತ್ತಾರಲ್ಲ, ಹಾಗೆ. ಆಮೇಲೆ ಒಂದೊಂದೇ ಕೀಲು ಎತ್ತಿ ಡಬ್ಬಿಗಳಿಗೆ ಹಾಕತೊಡಗಿದ. ಇದು ಮೂರನೇದು, ಬಿಸಿಲ ಕಡೆಯದು. ಇದು ಒಂದನೇದರ ಮೇಲಿನದು, ಬಾಗಿಲ ಪಕ್ಕ ಇದೆಯಲ್ಲ, ಹುಡುಗಿಯರು ಅದನ್ನೇ ಜಾಸ್ತಿ ತೆಗೆದು ಮುಚ್ಚುತ್ತಿದ್ದರು, ಅದಕ್ಕೇ ಇಷ್ಟು ಸವೆದಿದೆ. ಎಲ್ಲಿಯೂ ತಡವರಿಸಲಿಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಸಾರು ಉಕ್ಕಿದ್ದು ಅವಳಿಗೆ ಗೊತ್ತಾಗಲಿಲ್ಲ.

ಕೊನೆಯ ಚಿಲಕ ಡಬ್ಬಿಗೆ ಬಿದ್ದ ಮೇಲೆ ಅಪ್ಪ ಹೇಳಿದ. "ಎಂಟನೇದನ್ನ ನೀನು ಮುಟ್ಬೇಡ. ನಿನ್ ಕೈಯಿಂದ ಬಂದ್ರೆ ಅದು ತಮಾಷೆ. ಟೀಚರ ಕೈಯಿಂದ ಬರ್ಲಿ."

ಆಮೇಲೆ ಬಗ್ಗಿ ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದ.

ಮಾರನೇ ಬೆಳಗ್ಗೆ ಚಿಕ್ಕಪ್ಪ ಹಾಲಿಗೆ ಬಂದಾಗ ಅಲ್ಲಿ ಮೂವರಿದ್ದೆವು: ನಾನು, ಅಪ್ಪ, ಹೊಲಿಗೆ ಟೀಚರ್. ಟೀಚರ್ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು ಗೋಡೆಯಿಂದ ದೂರವೇ ನಿಂತಿದ್ದರು. ಕಿಟಕಿಯ ಹತ್ತಿರ ನಿಲ್ಲುವುದನ್ನು ಅವರು ಬಿಟ್ಟು ನಾಲ್ಕು ವರ್ಷ ಆಗುತ್ತಾ ಬಂದಿತ್ತು.

"ಅಣ್ಣ, ನೀನ್ಯಾಕೆ ಬರೋಕೆ ಹೋದೆ," ಎಂದ ಚಿಕ್ಕಪ್ಪ. "ಮತ್ತೆ ನೋಡಿ ಬೇಜಾರು ಮಾಡ್ಕೋತೀಯ."

ಅಪ್ಪ ಟೀಚರಿಗೆ ಸ್ಕ್ರೂಡ್ರೈವರ್ ಕೊಟ್ಟ. ಎಂಟನೇ ಕಿಟಕಿಯ ಕೆಳಗಿನ ಕೀಲನ್ನು ನೀವೇ ಬಿಚ್ಚಬೇಕು, ಬೇರೆ ಯಾರೂ ಬೇಡ ಎಂದು ಕೇಳಿಕೊಂಡ. ರೆಕ್ಕೆಯ ಕೆಳಗೆ ತುಂಡು ಕೊಟ್ಟು, ತಾನೇ ಭುಜ ಕೊಟ್ಟು ಹಿಡಿದು ನಿಂತ. ಟೀಚರ್ ಒಂದು ಹೆಜ್ಜೆ ಹಿಂದೆ ಇಟ್ಟರು, ಆಮೇಲೆ ಮೂರು ಹೆಜ್ಜೆ ಮುಂದೆ. ಸೀಳಿನ ಬಣ್ಣವನ್ನು ಹೊಲಿಗೆ ಬಿಚ್ಚುವ ಕೊಕ್ಕೆಯಿಂದಲೇ ಕೆದಕಿದರು. ತಿರುಗಿಸಿದರು. ಸ್ಕ್ರೂ ಬಂತು. ಗಿಡ್ಡದು.

ಚಿಕ್ಕಪ್ಪ ಮೊದಲು ಬಾಯಿ ತೆಗೆದ. ನೋಡಿ, ನಾನು ಆವತ್ತೇ ಹೇಳಿರಲಿಲ್ಲವಾ, ಅಣ್ಣನ ಕೆಲಸ ಹೀಗೇ ಎಂದ.

"ತೂತೊಳಗೆ ಏನೋ ಇದೆ," ಎಂದರು ಟೀಚರ್. ಕೊಕ್ಕೆಯ ತುದಿಯಿಂದ ಎಳೆದು ಅಂಗೈ ಮೇಲೆ ಹಾಕಿಕೊಂಡರು. ಗಿಳಿಹಸಿರು.

ಚಿಕ್ಕಪ್ಪನ ಕೈ ತಾನಾಗಿಯೇ ಹಿಂಜೇಬಿಗೆ ಹೋಯಿತು. ಹೋಗಿದ್ದು ಅವನಿಗೇ ಗೊತ್ತಾಗಿ, ಬಿಸಿ ತಾಕಿದವನಂತೆ ಹಿಂದಕ್ಕೆ ಬಂತು.

"ಇದು ಡೈಲಾಗ್ ಆಟ," ಎಂದ. "ಇವಳ ಬುದ್ಧಿ ನಿಮಗೆ ಗೊತ್ತಿಲ್ಲ ಟೀಚರ್. ನನ್ನ ಬಾಚಣಿಗೆಗೆ ಗೋಂದು ಹಾಕಿದ್ದ ಹುಡುಗಿ ಇವಳು."

"ಈ ಬಣ್ಣ ಬಳಿಸಿದ್ದು ನಾನು, ಕೈಗೆ ಪಟ್ಟಿ ಕಟ್ಕೊಂಡೇ ನಿಂತು ಬಳಿಸಿದ್ದು," ಎಂದರು ಟೀಚರ್. ಅವರ ದನಿ ಏರಲಿಲ್ಲ. "ಈಗ ಕೆರೆದಿದ್ದೂ ನಾನೇ. ನಡುವೆ ಇವಳು ಎಲ್ಲಿಂದ ಬರ್ತಾಳೆ? ಎಲ್ಲಿ, ನಿಮ್ಮ ಬಾಚಣಿಗೆ ಕೊಡಿ."

ಅವನು ಕೊಡಲಿಲ್ಲ. ಕೊಡದಿದ್ದದ್ದೇ ಸಾಕಾಯಿತು. ಟೀಚರ್ ಎಡಗೈಯನ್ನು ಎತ್ತಲು ನೋಡಿದರು, ಎಂದಿನಂತೆ ಭುಜದ ಮಟ್ಟಕ್ಕೆ ಬಂದು ನಿಂತುಹೋಯಿತು. ಅದನ್ನು ಅವನಿಗೆ ತೋರಿಸಲೆಂದೇ ಎತ್ತಿದ್ದು ಎಂದು ನನಗೆ ಅನ್ನಿಸಿತು. ಆಮೇಲೆ ಅಪ್ಪನ ಕಡೆ ತಿರುಗಿ, ಇನ್ನು ಈ ಕೆಲಸ ನಿಮ್ಮದು, ಇವರು ಈಗಲೇ ಮೆಟ್ಟಿಲು ಇಳಿಯಲಿ ಎಂದರು.

ಇದೇ ನನ್ನ ಕ್ಲೈಮ್ಯಾಕ್ಸ್. ರೆಡಿ ಮಾಡಿಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅಪ್ಪ ನನಗಿಂತ ಮುಂಚೆ ಮಾತಾಡಿದ, ಇನ್ನೂ ರೆಕ್ಕೆಗೆ ಭುಜ ಕೊಟ್ಟುಕೊಂಡೇ.

"ಇವನು ಇರ್ಲಿ ಟೀಚರ್. ರೆಕ್ಕೆ ಹಿಡಿಯೋಕೆ ಒಬ್ಬ ಬೇಕು."

ಚಿಕ್ಕಪ್ಪ ಇಳಿದುಹೋಗಬಹುದಿತ್ತು. ಆದರೆ ಹೋದರೆ ಟೀಚರ್ ಬೀದಿಗೆಲ್ಲ ಹೇಳುತ್ತಾರೆ, ಇದ್ದರೆ ಅಣ್ಣ ಒಬ್ಬನಿಗೇ ತಲೆ ಬಗ್ಗಿಸಿದರೆ ಸಾಕು ಎಂದು ಲೆಕ್ಕ ಹಾಕಿರಬೇಕು. ಅಪ್ಪನ ಬಗ್ಗೆ ಅವನ ಲೆಕ್ಕ ಈ ಸಲ ತಪ್ಪಿತು.

ಹತ್ತು ದಿನ ಕೆರೆದು, ಉಜ್ಜಿ, ಮೂರು ಸಲ ಪಾಲಿಶ್ ಕೊಟ್ಟು ಒಣಗಿಸಿದೆ. ಮರದ ನಿಜವಾದ ಬಣ್ಣ ಜೇನಿನ ಹಾಗೆ ಮೇಲೆ ಬಂತು. ಆಮೇಲೆ ಕೂರಿಸುವ ದಿನ. ಅಪ್ಪ ಡಬ್ಬಿಯ ನಂಬರು ನೋಡಿ ಕೀಲು ಎತ್ತಿಕೊಂಡ. ಚಿಕ್ಕಪ್ಪ ಎರಡೂ ಕೈಯಲ್ಲಿ ರೆಕ್ಕೆಯನ್ನು ಎತ್ತಿ ಹಿಡಿದ. ಕೆಳಗೆ ಮರದ ತುಂಡು ಕೊಡಲು ನಾನು ಹೋದರೆ ಅಪ್ಪ ಬೇಡ ಎಂದು ಕಣ್ಣಲ್ಲೇ ಹೇಳಿದ.

ಅಪ್ಪ ಇಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಒಂದೊಂದು ಸ್ಕ್ರೂವನ್ನೂ ಸಲೀಸಾಗಿ ಇಳಿಯಲೆಂದು ಸೋಪಿಗೆ ತಿಕ್ಕಿದ. ತಿರುಗಿಸಿದ. ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ಸೀಳು ನೆಟ್ಟಗಿದೆಯೇ ಎಂದು ನೋಡಿದ. ಮತ್ತೆ ಕೂದಲೆಳೆಯಷ್ಟು ತಿರುಗಿಸಿದ. ನಡುವೆ ಟೀಚರ ಜೊತೆ ಹವೆಯ ಬಗ್ಗೆ ಮಾತಾಡಿದ. ಮಧ್ಯಾಹ್ನದ ಹೊತ್ತಿಗೆ ಎಂಟನೇ ಕಿಟಕಿಗೆ ಬಂದೆವು. ಚಿಕ್ಕಪ್ಪನ ತೋಳು ಹೊಲಿಗೆ ಮಿಷನ್ನಿನ ಹಾಗೆ ನಡುಗುತ್ತಿತ್ತು. ಅಷ್ಟು ವರ್ಷ ಕಾಪಾಡಿಕೊಂಡು ಬಂದ ತಲೆಯ ಗೋಪುರ ಕುಸಿದು ಬೆವರಿನ ಜೊತೆ ಕಣ್ಣಿನ ಮೇಲೆ ಇಳಿದಿತ್ತು. ಉಫ್ ಉಫ್ ಎಂದು ಊದಿದ, ಕೂದಲು ಎದ್ದು ಮತ್ತೆ ಅಲ್ಲೇ ಬಿತ್ತು. ಕೈ ಬಿಡುವಂತಿರಲಿಲ್ಲ.

"ಅಣ್ಣ, ಬೇಗ," ಎಂದ.

ಅಪ್ಪ ಉದ್ದ ಸ್ಕ್ರೂ ಒಂದನ್ನು ಬೆಳಕಿಗೆ ಹಿಡಿದು ನೋಡಿದ. "ಅವಸರದಲ್ಲಿ ಮಾಡಿದ್ರೆ ಬೀಳುತ್ತೆ ಕಣೋ. ಹಿಡ್ಕೊ."

ನಾನು ಹೋಗಿ ಚಿಕ್ಕಪ್ಪನ ಹಿಂಜೇಬಿನಿಂದ ಬಾಚಣಿಗೆ ತೆಗೆದೆ. ಅವನ ಕಣ್ಣೆದುರೇ ನನ್ನ ತಲೆಯನ್ನು ನಿಧಾನವಾಗಿ, ಅಚ್ಚುಕಟ್ಟಾಗಿ ಬಾಚಿಕೊಂಡೆ. ಆಮೇಲೆ ವಾಪಸ್ ಇಟ್ಟೆ. ಇನ್ನೂ ನಾಲ್ಕು ಕಿಟಕಿ ಬಾಕಿ ಇದ್ದವು.